ಪ್ರಾಂಶುಪಾಲರ ಸಂಬಳ ನೋಟಿಸ್ ಬೋರ್ಡಿಗೆ ಬರಲಿ

ಮಾನ್ಯ ಸಂಪಾದಕರೇ,

ಸಣ್ಣ ಕಲಾಶಾಲೆಗಳ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದಿ ಮುಗಿಸುತ್ತಿದ್ದಂತೆ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಇದು ಸೇವಾ ಸಂಸ್ಥೆ ತಾನೇ, ಪ್ರಾಂಶುಪಾಲರಿಗೆ ಸಂಬಳ ಯಾಕೆ?’ ಕಾರ್ಯದರ್ಶಿ ಎದ್ದು ನಿಂತು, ‘ಅವರು ಒಂದು ಪೈಸೆಯನ್ನೂ ತೆಗೆದುಕೊಳ್ಳುತ್ತಿಲ್ಲ, ಗೌರವ ಸೇವೆ’ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ, ಸಭೆ ಮುಗಿಯುತ್ತದೆ. ಕೋಲಾರದಂಥ ಊರುಗಳಲ್ಲಿ ಒಳ್ಳೆಯ ಕಲಾಶಾಲೆಗಳು ಒಂದು ತಲೆಮಾರಿಗೇ ನಿಂತುಹೋಗುವುದಕ್ಕೆ ಈ ‘ಗೌರವ ಸೇವೆ’ಯೇ ದೊಡ್ಡ ಕಾರಣ ಎಂಬುದು ಇಂಥ ಸಂಸ್ಥೆಗಳ ಲೆಕ್ಕ ನೋಡುವ ನಮ್ಮ ಅಭಿಪ್ರಾಯ. ಯಾಕೆಂದು ಅಂಕಿ ಇಟ್ಟೇ ಹೇಳುತ್ತೇವೆ.

ಒಂದು ಮಾದರಿ ಲೆಕ್ಕ ಹಿಡಿಯೋಣ. ತಿಂಗಳಿಗೆ ₹800 ಫೀಸು, 60 ಮಕ್ಕಳು, ವರ್ಷಕ್ಕೆ 11 ತಿಂಗಳು. ಕಾಗದದ ಮೇಲೆ ₹5,28,000. ಇದರಲ್ಲಿ ಆರು ಮಕ್ಕಳಿಗೆ ಪೂರ್ತಿ ಮಾಫಿ, ಒಂದಷ್ಟು ಬಾಕಿ, ಚಿತ್ರಕಲೆಯ ಲೋವರ್ ಗ್ರೇಡ್ ಪರೀಕ್ಷೆ ಮುಗಿದ ಮರುವಾರವೇ ಬಿಟ್ಟುಹೋಗುವವರು ಕೆಲವರು. ಕೈಗೆ ಸಿಗುವುದು ನೂರಕ್ಕೆ 75, ಅಂದರೆ ₹3,96,000. ಬೇಸಿಗೆ ಶಿಬಿರಕ್ಕೆ 50 ಮಕ್ಕಳಿಂದ ತಲಾ ₹1,500ರಂತೆ ₹75,000. ಊರವರ ದೇಣಿಗೆ ₹1,50,000. ಪ್ರದರ್ಶನ ನಡೆಸಲೆಂದು ಬಂದ ಅನುದಾನ ₹1,00,000. ಒಟ್ಟು ಆದಾಯ ₹7,21,000.

ಖರ್ಚಿಗೆ ಬನ್ನಿ. ಬಾಡಿಗೆ ತಿಂಗಳಿಗೆ ₹12,000, ವರ್ಷಕ್ಕೆ ₹1,44,000. ಅರೆಕಾಲಿಕ ಶಿಕ್ಷಕರು ಇಬ್ಬರು, ತಲಾ ₹9,000, ವರ್ಷಕ್ಕೆ ₹2,16,000. ಗುಡಿಸಿ ಒರೆಸಿ, ಬಣ್ಣದ ತಟ್ಟೆ ತೊಳೆದಿಡುವ ಆಯಾಗೆ ₹48,000. ಹಾಳೆ, ಬಣ್ಣ, ಬ್ರಷ್, ಜೇಡಿಮಣ್ಣಿಗೆ ₹60,000. ಕರೆಂಟು, ನೀರು, ಇಂಟರ್‌ನೆಟ್ ₹30,000. ಆಡಿಟ್ ಮತ್ತು ರಿಟರ್ನ್ಸ್ ₹25,000. ಪ್ರದರ್ಶನದ ಖರ್ಚು ಅನುದಾನದಷ್ಟೇ, ₹1,00,000. ಒಟ್ಟು ₹6,23,000. ಉಳಿತಾಯ ₹98,000 ಎಂದು ವರದಿಯಲ್ಲಿ ಅಚ್ಚಾಗುತ್ತದೆ.

ಮೂರು ತಂಡಗಳಿಗೆ ಪಾಠ ಹೇಳುವ, ಗ್ರೇಡ್ ಪರೀಕ್ಷೆಯ ಅರ್ಜಿ ತುಂಬುವ, ಬಾಡಿಗೆ ಮಾಲೀಕರ ಮಾತು ಕೇಳುವ, ದಾನಿಗಳ ಮನೆ ಬಾಗಿಲಿಗೆ ಹೋಗುವ ಪ್ರಾಂಶುಪಾಲರು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅವರಿಗೆ ತಿಂಗಳಿಗೆ ₹18,000 ಎಂದು ಬರೆದು ನೋಡಿ. ವರ್ಷಕ್ಕೆ ₹2,16,000 ಸೇರಿ ಖರ್ಚು ₹8,39,000 ಆಗುತ್ತದೆ. ಉಳಿತಾಯ ಹೋಗಿ ₹1,18,000 ಕೊರತೆ ಎದ್ದು ನಿಲ್ಲುತ್ತದೆ. ಆ ₹98,000 ಒಬ್ಬರಿಗೆ ಕೊಡದೆ ಉಳಿಸಿಕೊಂಡ ಕೂಲಿ. ಕೆಟ್ಟದ್ದೇನೆಂದರೆ, ಅದನ್ನು ನೋಡಿದ ದಾನಿ ‘ಇವರಿಗೆ ಸಾಲುತ್ತಿದೆಯಲ್ಲ’ ಎಂದು ಕೈ ಹಿಂದೆ ತೆಗೆದುಕೊಳ್ಳುತ್ತಾರೆ, ಸಮಿತಿಯವರು ಐದು ವರ್ಷ ಫೀಸು ಮುಟ್ಟುವುದಿಲ್ಲ. ಸಂಸ್ಥಾಪಕರಿಗೆ ವಯಸ್ಸಾಗಿ, ಕಣ್ಣು ಮಂಜಾಗಿ, ಬೇರೆಯವರನ್ನು ತರಬೇಕಾದ ದಿನ ನಿಜ ಗೊತ್ತಾಗುತ್ತದೆ. ಬಿವಿಎ, ಎಂವಿಎ ಎಂಬ ದೃಶ್ಯಕಲೆಯ ಪದವಿ ಮುಗಿಸಿ ಬಂದ ಹುಡುಗಿಯೊಬ್ಬಳು ‘ಸಂಬಳ ಎಷ್ಟು?’ ಎಂದು ಕೇಳುವುದು ಅವಳ ಹಕ್ಕು. ಬಜೆಟ್ಟಿನಲ್ಲಿ ಆ ಸಾಲೇ ಇಲ್ಲ. ರಾತ್ರೋರಾತ್ರಿ ಎರಡು ಲಕ್ಷ ಎಲ್ಲಿಂದ ತರುವುದು?

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ವಿಗ್ರಹ ಕೆತ್ತಿಕೊಟ್ಟು ಕೂಲಿ ಪಡೆಯುತ್ತಾರೆ. ಅದರಿಂದ ವಿಗ್ರಹದ ಮಹಿಮೆ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ. ಅದೇ ಜಿಲ್ಲೆಯವರು ಮಕ್ಕಳಿಗೆ ಚಿತ್ರ ಕಲಿಸುವವರು ಮಾತ್ರ ಗಾಳಿ ಕುಡಿದು ಬದುಕಬೇಕೆಂದು ಬಯಸುವುದು ಸರಿಯಲ್ಲ.

ಸಂಬಳ ಇಲ್ಲ ಎಂದು ಬರೆದುಕೊಂಡ ಕಡೆ ದುಡ್ಡು ಹೋಗುವುದು ನಿಲ್ಲುವುದಿಲ್ಲ, ಬೇರೆ ಹೆಸರಿನಲ್ಲಿ ಹೋಗುತ್ತದೆ. ಪೆಟ್ರೋಲ್, ಮೊಬೈಲ್ ರೀಚಾರ್ಜ್, ‘ಇತರೆ ಖರ್ಚು’. ಹೆಚ್ಚಿನ ಕಡೆ ಅದು ಕೂರುವುದು ಆಸ್ತಿ ಹೊಣೆ ಪಟ್ಟಿಯ ‘ಮುಂಗಡ’ ಎಂಬ ಸಾಲಿನಲ್ಲಿ. ಮೊದಲ ವರ್ಷ ಎಂಟು ಸಾವಿರ, ಆಮೇಲೆ ಮೂವತ್ತೈದು ಸಾವಿರ, ಆಮೇಲೆ ತೊಂಬತ್ತು. ಓಚರ್ ಬರೆದು ತೀರಿಸಲಾಗದ ಮುಂಗಡ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಅದು ಬಹುಪಾಲು ಬಾಯಿಬಿಟ್ಟು ಕೇಳಲಾಗದ ಸಂಬಳವೇ. ಆ ಮನುಷ್ಯ ಕಳ್ಳನಲ್ಲ; ಮನೆಗೆ ಅಕ್ಕಿ ಬೇಳೆ ಬೇಕಿತ್ತು. ಆದರೆ ಸಮಿತಿಯಲ್ಲಿ ಜಗಳ ಹುಟ್ಟಿದ ದಿನ ಕಾಗದದ ಮೇಲೆ ಅವರು ಸಂಸ್ಥೆಗೆ ಸಾಲಗಾರರಾಗಿ ಕಾಣುತ್ತಾರೆ. ಇಪ್ಪತ್ತು ವರ್ಷ ದುಡಿದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರಿಲ್ಲ.

ಇನ್ನೊಂದು ತೂತು ಗೋಡೆಯ ಮೇಲೇ ಅಂಟಿಕೊಂಡಿರುತ್ತದೆ. ಕಲಾಶಾಲೆಯ ಬಾಗಿಲ ಬಳಿ, ಬ್ರಷ್ ತೊಳೆಯುವ ಬಕೆಟ್ಟಿನ ಮೇಲ್ಗಡೆ ಇರುವ ಕ್ಯೂಆರ್ ಕೋಡ್ ಗಮನಿಸಿ. ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಯಾರ ಹೆಸರು ಬರುತ್ತದೆ? ಸಂಸ್ಥೆಯ ಹೆಸರು ಬರಬೇಕು. ಪ್ರಾಂಶುಪಾಲರ ಹೆಸರೋ ಅವರ ಮಗನ ಹೆಸರೋ ಬಂದರೆ ಫೀಸು, ಶಿಬಿರದ ಹಣ, ದೇಣಿಗೆ, ಮನೆಯ ಗ್ಯಾಸ್ ಬಿಲ್ಲು, ಮಗಳ ಕಾಲೇಜು ಫೀಸು ಎಲ್ಲವೂ ಒಂದೇ ಖಾತೆಯಲ್ಲಿ ಕಲಸುತ್ತವೆ. ಮಾರ್ಚ್ ಕೊನೆಗೆ ಅದನ್ನು ಬೇರ್ಪಡಿಸಲು ಕೂತ ಆಡಿಟರ್ ಅರ್ಧಕ್ಕರ್ಧ ಅಂದಾಜಿನಲ್ಲೇ ಬರೆಯಬೇಕಾಗುತ್ತದೆ. ತೆರಿಗೆ ಇಲಾಖೆಯ ಕಣ್ಣಿಗೆ ಅಷ್ಟೂ ಆ ವ್ಯಕ್ತಿಯ ಸ್ವಂತ ಆದಾಯದಂತೆ ಕಾಣುವ ಅಪಾಯ ಬೇರೆ. ಸರಿಪಡಿಸುವುದು ಒಂದು ದಿನದ ಕೆಲಸ: ಸಂಸ್ಥೆಯ ಹೆಸರಿನಲ್ಲಿ ಖಾತೆ, ಸಂಸ್ಥೆಯ ಪ್ಯಾನ್, ಇಬ್ಬರ ಸಹಿ, ಆ ಖಾತೆಗೇ ಜೋಡಿಸಿದ ಕ್ಯೂಆರ್. ಸಹಿ ಮಾಡುವ ಇಬ್ಬರು ಒಂದೇ ಮನೆಯವರಾಗಿರಬಾರದು. ಫೀಸು ಫೋನಿನಲ್ಲೇ ಬಂದಿದ್ದರೂ ರಸೀದಿ ಹರಿದು ಕೊಡಬೇಕು. ರಸೀದಿ ಪುಸ್ತಕದ ನಂಬರ್ ಒಂದರಿಂದ ಕೊನೆಯವರೆಗೆ ಖಜಾಂಚಿಯ ಬಳಿ ಲೆಕ್ಕ ಸಿಗಬೇಕು. ರದ್ದಾದ ರಸೀದಿಯನ್ನು ಹರಿದು ಎಸೆಯದೆ ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಬಿಡಬೇಕು.

ಗೋಡೆ ಚಿತ್ರದ ಕೆಲಸವೂ ಹೀಗೆಯೇ. ನಗರಸಭೆ, ಪಂಚಾಯಿತಿ, ಖಾಸಗಿ ಶಾಲೆಗಳು ಕಾಂಪೌಂಡಿಗೆ ಚಿತ್ರ ಬರೆಸುತ್ತವೆ. ವಿದ್ಯಾರ್ಥಿಗಳು ಬಿಸಿಲಲ್ಲಿ ನಿಂತು ಬರೆಯುತ್ತಾರೆ. ಬಿಲ್ ಯಾರ ಹೆಸರಿನಲ್ಲಿ, ಹಣ ಯಾರ ಖಾತೆಗೆ, ಮಕ್ಕಳಿಗೆ ಎಷ್ಟು ಎಂಬುದನ್ನು ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಬೇಕು. ಬಣ್ಣ ಮತ್ತು ಅಟ್ಟಣಿಗೆಯ ಖರ್ಚು ಕಳೆದು ಉಳಿದದ್ದರಲ್ಲಿ ಬರೆದವರಿಗೆ 60, ಮೇಲ್ವಿಚಾರಣೆ ಮಾಡಿದ ಶಿಕ್ಷಕರಿಗೆ 20, ಸಂಸ್ಥೆಗೆ 20 ಎಂಬುದು ನಮ್ಮ ಸಲಹೆ. ಅನುಪಾತ ಬೇರೆ ಇರಬಹುದು, ಮುಂಚೆ ಬರೆದಿರುವುದು ಮುಖ್ಯ. ಪ್ರದರ್ಶನದಲ್ಲಿ ಮಾರಾಟವಾದ ಚಿತ್ರಗಳಿಗೂ, ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಮಕ್ಕಳನ್ನು ಕರೆದೊಯ್ದಾಗಲೂ ಇದೇ ಕ್ರಮ ಸಾಕು.

ಈಗ ಸಂಬಳ ಎಷ್ಟು, ಯಾರು ನಿಗದಿ ಮಾಡಬೇಕು ಎಂಬ ಮಾತು. ಸಮಿತಿಯಲ್ಲಿ ಪ್ರಾಂಶುಪಾಲರಿಗೆ ನೆಂಟಸ್ತಿಕೆ ಇಲ್ಲದ ಮೂವರು ಕೂರಬೇಕು. ಅದೇ ಊರಿನ ಎರಡು ಖಾಸಗಿ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಿಗೆ ಏನು ಕೊಡುತ್ತಾರೆ, ಹತ್ತಿರದ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ಏನು ಸಿಗುತ್ತದೆ ಎಂದು ವಿಚಾರಿಸಿ ಬರೆದುಕೊಳ್ಳಬೇಕು. ಬೆಂಗಳೂರಿನ ದೊಡ್ಡ ಸಂಸ್ಥೆಗಳ ಸಂಬಳ ಇಲ್ಲಿಗೆ ಅಳತೆಗೋಲಾಗದು. ಚರ್ಚೆಯ ಹೊತ್ತಿಗೆ ಪ್ರಾಂಶುಪಾಲರು ಎದ್ದು ಹೊರಗೆ ಹೋಗಬೇಕು, ಅವರು ಹೊರಗೆ ಹೋದರು ಎಂಬುದೂ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಮೊತ್ತ, ಜಾರಿಯ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಮತ್ತೆ ಯಾವಾಗ ಪರಿಶೀಲನೆ ಎಂದು ಠರಾವಿನಲ್ಲಿ ಬರೆದು, ಅದರಂತೆ ನೇಮಕಾತಿ ಪತ್ರ ಕೊಡಬೇಕು. ಹಣ ಪ್ರತಿ ತಿಂಗಳು ಬ್ಯಾಂಕಿನ ಮೂಲಕವೇ ಹೋಗಬೇಕು. ಸಂಸ್ಥೆಯಲ್ಲಿ ಹಣವಿಲ್ಲದ ತಿಂಗಳು ‘ಕೊಡಬೇಕಾದ ಸಂಬಳ’ ಎಂದು ಹೊಣೆಯ ಕಡೆ ಬರೆಯಬೇಕು. ಪ್ರಾಂಶುಪಾಲರು ತಾವಾಗಿಯೇ ಬಿಟ್ಟುಕೊಡುವುದಾದರೆ ಮೊದಲು ಸಂಬಳ ಪಡೆದು, ಆಮೇಲೆ ರಸೀದಿ ಹಾಕಿಸಿಕೊಂಡು ದೇಣಿಗೆ ಕೊಡಲಿ. ಆಗ ಖರ್ಚೂ ನಿಜ, ದಾನವೂ ನಿಜ, ಬಜೆಟ್ಟಿನಲ್ಲಿ ಆ ಸಾಲು ಜೀವಂತ.

‘ಶಿಕ್ಷಕರಿಗೆ ಒಂಬತ್ತು, ಇವರಿಗೆ ಹದಿನೆಂಟೇ?’ ಎಂಬ ಆಕ್ಷೇಪ ಬರುತ್ತದೆ. ಗಂಟೆಯ ಲೆಕ್ಕ ಹಾಕಿ ನೋಡಿ. ಶಿಕ್ಷಕರು ದಿನಕ್ಕೆ 3 ಗಂಟೆಯಂತೆ 22 ದಿನ, 66 ಗಂಟೆ. ಗಂಟೆಗೆ ಸುಮಾರು ₹136. ಪ್ರಾಂಶುಪಾಲರು ದಿನಕ್ಕೆ 5 ಗಂಟೆಯಂತೆ 25 ದಿನ, 125 ಗಂಟೆ, ಗಂಟೆಗೆ ₹144. ವ್ಯತ್ಯಾಸ ಎಂಟು ರೂಪಾಯಿ. ಹಾಗೆಯೇ ‘ಆದಾಯದಲ್ಲಿ ಶೇ 30 ಒಬ್ಬರಿಗೇ ಹೋಗುತ್ತದೆ’ ಎಂದು ಗಾಬರಿಪಡುವುದೂ ಬೇಡ. ಏಳು ಲಕ್ಷದ ಸಂಸ್ಥೆಯಲ್ಲಿ ಯಾರಿಗೆ ಎರಡು ಲಕ್ಷ ಕೊಟ್ಟರೂ ಅದು ಶೇ 30 ಹತ್ತಿರವೇ. ಆ 125 ಗಂಟೆಯಲ್ಲಿ ಪಾಠಕ್ಕೆ 75, ಆಡಳಿತಕ್ಕೆ 50 ಹೋಗುತ್ತಿದ್ದರೆ ಸಂಬಳವನ್ನೂ ಹಾಗೆಯೇ ಒಡೆದು ₹10,800 ಬೋಧನೆಗೆ, ₹7,200 ಆಡಳಿತಕ್ಕೆ ಎಂದು ತೋರಿಸಿ. ಆ ಸಂಬಳದಲ್ಲಿ ಆಡಳಿತದ ಪಾಲು ಆದಾಯದ ಶೇ 12ರಷ್ಟು ಎಂದು ಆಗ ಕಾಣುತ್ತದೆ. ಆದರೆ ಒಂದು ಮಾತಿನಲ್ಲಿ ನಾವು ಸಡಿಲ ಬಿಡುವುದಿಲ್ಲ: ಪ್ರಾಂಶುಪಾಲರ ಸಂಬಳ ಹೆಚ್ಚುವ ಠರಾವಿನಲ್ಲೇ ಶಿಕ್ಷಕರದೂ ಆಯಾದೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕು. ಶಿಕ್ಷಕರಿಗೆ ಮೂರು ತಿಂಗಳು ಬಾಕಿ ಇಟ್ಟು ಮುಖ್ಯಸ್ಥರು ಸಂಬಳ ಪಡೆದರೆ ಅದು ಯಾವ ಲೆಕ್ಕದಲ್ಲೂ ಸಮರ್ಥನೀಯವಲ್ಲ.

ಕಾನೂನು ಅಡ್ಡ ಬರುತ್ತದೆ ಎಂಬ ಹೆದರಿಕೆ ಬಹಳ ಜನರಲ್ಲಿದೆ. ಲಾಭರಹಿತ ಸಂಸ್ಥೆ ಎಂದರೆ ಲಾಭವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ ಎಂದು. ದುಡಿದವರಿಗೆ ಕೂಲಿ ಕೊಡಬಾರದು ಎಂದಲ್ಲ. ಸಂಸ್ಥೆ ಟ್ರಸ್ಟ್ ಆಗಿದ್ದು, ಪ್ರಾಂಶುಪಾಲರೇ ಟ್ರಸ್ಟಿಯೂ ಆಗಿದ್ದರೆ ಮೊದಲು ಡೀಡ್, ಅಂದರೆ ಟ್ರಸ್ಟ್ ಸ್ಥಾಪಿಸಿದ ಪತ್ರ, ತೆಗೆದು ಓದಬೇಕು. ಅದರಲ್ಲಿ ಅವಕಾಶ ಇಲ್ಲದಿದ್ದರೆ ಟ್ರಸ್ಟಿ ಸಂಭಾವನೆ ಕೇಳುವಂತಿಲ್ಲ ಎಂಬುದು 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 50ನೇ ಕಲಮಿನ ತತ್ವ. ಸಾರ್ವಜನಿಕ ಟ್ರಸ್ಟ್‌ಗಳೂ ಅದನ್ನೇ ಪಾಲಿಸುವುದು ಕ್ಷೇಮ. ಆದಾಯ ತೆರಿಗೆಯಲ್ಲಿ ಸಂಸ್ಥಾಪಕರು, ಟ್ರಸ್ಟಿಗಳು ಮತ್ತು ಅವರ ಸಂಬಂಧಿಕರಿಗೆ ಮಾಡಿದ ಕೆಲಸಕ್ಕೆ ಸಮಂಜಸ ಎನ್ನುವಷ್ಟು ಕೊಡಬಹುದು, ಅದಕ್ಕಿಂತ ಹೆಚ್ಚು ಕೊಟ್ಟರೆ ವಿನಾಯಿತಿಗೆ ಕುತ್ತು. 1961ರ ಕಾಯ್ದೆಯ 13ನೇ ಕಲಂ ಇದನ್ನು ಹೇಳುತ್ತಿತ್ತು. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, ತತ್ವ ಅದೇ. ‘ಸಮಂಜಸ’ ಎಂಬುದನ್ನು ರುಜುವಾತು ಮಾಡುವುದು ಮೇಲೆ ಹೇಳಿದ ಠರಾವು ಮತ್ತು ವಿಚಾರಿಸಿ ಬರೆದುಕೊಂಡ ಆ ಹಾಳೆ. ಜಿಎಸ್‌ಟಿ ವಿಷಯ ಒಂದೇ ಮಾತು: 2022ರ ಜುಲೈ 18ರಿಂದ ಹವ್ಯಾಸಕ್ಕೆಂದು ಕಲಿಯುವವರಿಗೆ ಕಲೆ ಕಲಿಸುವ ತರಬೇತಿಗೆ ಇರುವ ವಿನಾಯಿತಿ ವ್ಯಕ್ತಿಗಳಿಗೆ ಮಾತ್ರ, ಸಂಸ್ಥೆಗಳಿಗಲ್ಲ, ವಾರ್ಷಿಕ ವಹಿವಾಟು ₹20 ಲಕ್ಷ ದಾಟುವ ಅಂದಾಜಿದ್ದವರು ಈಗಲೇ ಆಡಿಟರನ್ನು ಕೇಳಿಕೊಳ್ಳಲಿ.

ಇನ್ನು ಆ ₹1,18,000 ಕೊರತೆ. ಫೀಸನ್ನು ₹900 ಮಾಡಿ, ವಸೂಲಿಯನ್ನು ನೂರಕ್ಕೆ 75ರಿಂದ 85ಕ್ಕೆ ತಂದರೆ ಸಿಗುವುದು ₹5,04,900. ಹಳೆಯದಕ್ಕಿಂತ ₹1,08,900 ಹೆಚ್ಚು. ಮಾಫಿಯ ಆರು ಮಕ್ಕಳನ್ನು ಮುಟ್ಟಬೇಕಾಗಿಲ್ಲ. ವಸೂಲಿ ಬೀಳುವುದು ಜನರ ದುರಾಸೆಯಿಂದ ಅಲ್ಲ, ತಾರೀಕಿನಿಂದ. ಐದನೇ ತಾರೀಕಿನೊಳಗೆ ಕಟ್ಟಿ ಎಂಬುದು ತಿಂಗಳ ಸಂಬಳದವರಿಗೆ ಸರಿ. ನಮ್ಮ ಕಡೆ ಅರ್ಧ ಮನೆಗಳು ಟೊಮೆಟೊ, ರೇಷ್ಮೆ, ಹಾಲು ನಂಬಿದವು. ಡೇರಿಯಲ್ಲಿ ಬಟವಾಡೆಯಾದ ವಾರ ಕೇಳಿದರೆ ಫೀಸು ಬರುತ್ತದೆ, ಟೊಮೆಟೊ ಬಾಕ್ಸಿಗೆ ಬೆಲೆ ಬಿದ್ದ ವಾರ ಕೇಳಿದರೆ ಮಗು ಶಾಲೆ ಬಿಡುತ್ತದೆ. ಸೇರಿಸಿಕೊಳ್ಳುವಾಗಲೇ ‘ನಿಮಗೆ ಯಾವ ತಾರೀಕು ಅನುಕೂಲ?’ ಎಂದು ಕೇಳಿ ಅರ್ಜಿಯಲ್ಲಿ ಬರೆದುಕೊಳ್ಳಿ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟುವವರಿಗೆ ₹100 ಬಿಡಿ. ಎರಡು ತಿಂಗಳು ಬಾಕಿಯಾದಾಗಲೇ ಮನೆಯವರೊಂದಿಗೆ ಮಾತಾಡಿ. ಆರು ತಿಂಗಳಾದರೆ ಆ ಹಣವೂ ಇಲ್ಲ, ಆ ಮಗುವೂ ಇಲ್ಲ.

ಇನ್ನೂ ತುಂಬಬೇಕಾದ ₹9,100 ಕೊರತೆ ಹಾಳೆಯ ಖರ್ಚಿನಲ್ಲಿ ಸಿಗುತ್ತದೆ. 60 ಮಕ್ಕಳು, ವಾರಕ್ಕೆ ತಲಾ ಎರಡು ಹಾಳೆ, ತಿಂಗಳಿಗೆ 480. ಇಂಪೀರಿಯಲ್ ಅಳತೆಯ ಹಾಳೆ 22 ಇಂಚಿಗೆ 30 ಇಂಚು. ಅದನ್ನು ನಾಲ್ಕು ಮಾಡಿದರೆ 11ಕ್ಕೆ 15ರ ತುಂಡು. ಹಾಗಾಗಿ ತಿಂಗಳಿಗೆ ಬೇಕಾದದ್ದು 120 ದೊಡ್ಡ ಹಾಳೆ. ಎಂಟು ಹತ್ತು ಹಾಳೆಯಂತೆ ಬೇಕಾದಾಗೆಲ್ಲ ಬಿಡಿಯಾಗಿ ತರುವುದಕ್ಕೂ ಮೂರು ತಿಂಗಳಿಗೆ ಬೇಕಾದ 360ನ್ನು ಒಮ್ಮೆಗೇ ಸಗಟು ಅಂಗಡಿಯಿಂದ ತಂದು ಕತ್ತರಿಸಿ ಇಟ್ಟುಕೊಳ್ಳುವುದಕ್ಕೂ ವರ್ಷದ ಕೊನೆಗೆ ಎದ್ದು ಕಾಣುವ ವ್ಯತ್ಯಾಸವಿದೆ. ಹಾಳೆಯನ್ನು ನಿಲ್ಲಿಸದೆ ಮಲಗಿಸಿ, ಗೋಡೆಯಿಂದ ದೂರ ಇಡಿ. ಮಳೆಗಾಲದಲ್ಲಿ ತೇವ ಹಿಡಿದ ಹಾಳೆ ಜಲವರ್ಣ ತಡೆಯುವುದಿಲ್ಲ, ಬಣ್ಣ ಚುಕ್ಕೆ ಚುಕ್ಕೆಯಾಗಿ ಹೀರಿಕೊಳ್ಳುತ್ತದೆ. ಸ್ಟಾಕ್ ಪುಸ್ತಕ ಇಡದಿದ್ದರೆ ಈ ಉಳಿತಾಯ ಬೀರುವಿನಲ್ಲೇ ಕರಗುತ್ತದೆ.

‘ಲಾಭರಹಿತ ಸಂಸ್ಥೆ ಹಣ ಕೂಡಿಡುವಂತಿಲ್ಲ’ ಎಂಬುದೂ ತಪ್ಪು ತಿಳಿವಳಿಕೆ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು, ಶೇ 15 ಉಳಿಸಿಕೊಳ್ಳಬಹುದು. ನಮ್ಮ ಮಾದರಿ ಶಾಲೆಗೆ ಪ್ರದರ್ಶನ ಬಿಟ್ಟು ತಿಂಗಳ ಖರ್ಚು ಸುಮಾರು ₹61,600. ಮೂರು ತಿಂಗಳಿಗೆ ₹1,85,000 ಬ್ಯಾಂಕಿನಲ್ಲಿರಬೇಕು. ಬಾಡಿಗೆ ಮನೆ ಬಿಡಿಸಿದರೂ, ಅನುದಾನ ತಡವಾದರೂ ಅಷ್ಟು ದಿನ ಉಸಿರಾಡಬಹುದು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟು, ಕಡ್ಡಾಯವಾಗುವುದು ನೌಕರರ ಸಂಖ್ಯೆ 10 ಮುಟ್ಟಿದಾಗ. ನಾಲ್ಕೇ ಜನರಿದ್ದರೂ ಅದೇ ಸೂತ್ರದಲ್ಲಿ ಹಣ ತೆಗೆದಿಡುವುದು ನ್ಯಾಯ: ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ₹18,000ಕ್ಕೆ ವರ್ಷಕ್ಕೆ ₹10,385. ಹತ್ತು ವರ್ಷ ದುಡಿದು ಹೋಗುವವರ ಕೈಗೆ ಹಾರದ ಜೊತೆ ಒಂದು ಲಕ್ಷದ ಚೆಕ್ಕೂ ಇರುತ್ತದೆ.

ದಾನಿಗಳಿಗೂ ಅನುದಾನ ಕೊಡುವ ಇಲಾಖೆಗೂ ಒಂದು ಬಿನ್ನಹ. ಕಾರ್ಯಕ್ರಮಕ್ಕೆಂದು ಕೊಡುವ ಅನುದಾನದಲ್ಲಿ ಸಾಮಾನ್ಯವಾಗಿ ಶಾಮಿಯಾನ, ಬ್ಯಾನರ್, ಹಾರ, ಊಟದ ಬಿಲ್ಲಿಗೆ ಜಾಗವಿರುತ್ತದೆ. ಆ ಪ್ರದರ್ಶನಕ್ಕೆ ಎರಡು ತಿಂಗಳು ಮಕ್ಕಳನ್ನು ಕೂರಿಸಿಕೊಂಡು ತಿದ್ದಿದ ಶಿಕ್ಷಕರ ಸಂಬಳಕ್ಕೆ ಜಾಗವಿರುವುದಿಲ್ಲ. ಹಣ ಬರುವುದೂ ಕಾರ್ಯಕ್ರಮ ಮುಗಿದು, ಬಿಲ್ಲು ಸಲ್ಲಿಸಿದ ಮೇಲೆ. ಅಷ್ಟು ದಿನ ಪ್ರಾಂಶುಪಾಲರ ಕೈಸಾಲದಲ್ಲಿ ಕೆಲಸ ನಡೆಯುತ್ತದೆ; ‘ಮುಂಗಡ’ದ ಗೋಜಲು ಶುರುವಾಗುವುದು ಅಲ್ಲಿಂದಲೇ. ಅನುದಾನದ ಐದನೇ ಒಂದು ಪಾಲನ್ನಾದರೂ ಬೋಧನಾ ವೇತನಕ್ಕೆ ಬಳಸಲು ಬಿಡಿ, ಅರ್ಧವನ್ನಾದರೂ ಮುಂಚಿತವಾಗಿ ಕೊಡಿ.

ಪೋಷಕರಿಗೆ ಹೇಳುವುದಿಷ್ಟು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಎಷ್ಟೋ ಶಾಲೆಗಳು ಇಂದಿಗೂ ಆ ಏಳು ಜನರಲ್ಲೇ ನಿಂತಿವೆ. ಫೀಸು ಕಟ್ಟಿದ ಮಾತ್ರಕ್ಕೆ ಪೋಷಕರು ಸದಸ್ಯರಾಗುವುದಿಲ್ಲ. ಬೈಲಾ (ಸಂಘದ ನಿಯಮಾವಳಿ) ಪ್ರಕಾರ ಸದಸ್ಯತ್ವ ಕೇಳಿ ಪಡೆಯಿರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಮಿನಡಿ ಮೂರನೇ ಒಂದರಷ್ಟು ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕಾಗುತ್ತದೆ. ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಬಾರದು ಎಂದೇ ನಮ್ಮ ಆಸೆ. ಸಮಿತಿಯವರು ಕೂಡ ವಾರ್ಷಿಕ ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸುವುದನ್ನು ಮರೆಯಬಾರದು. ನಾಲ್ಕಾರು ವರ್ಷ ಬಿಟ್ಟರೆ ಬ್ಯಾಂಕಿನಲ್ಲಿ ಸಹಿ ಬದಲಾಯಿಸುವುದೂ ಕಷ್ಟ, ಅನುದಾನದ ಅರ್ಜಿಯೂ ಅಲ್ಲೇ ನಿಲ್ಲುತ್ತದೆ.

ಈ ವರ್ಷದ ಸಭೆಯ ನೋಟಿಸ್ ಇನ್ನೂ ಅಂಚೆಗೆ ಹೋಗಿಲ್ಲದಿದ್ದರೆ ವಿಷಯಸೂಚಿಯಲ್ಲಿ ‘ಪ್ರಾಂಶುಪಾಲರ ವೇತನ ನಿಗದಿ’ ಎಂದು ಒಂದು ಸಾಲು ಸೇರಿಸಿ. ಸಭೆ ಮುಗಿದ ಮರುದಿನ ಒಂದೇ ಪುಟದ ಹಾಳೆಯಲ್ಲಿ ವರ್ಷದ ಆದಾಯ, ಖರ್ಚು, ಬಾಕಿ ಫೀಸು, ಕೈಯಲ್ಲಿರುವ ಹಣ, ಕೊಡಬೇಕಾದ ಸಾಲ, ಪ್ರಾಂಶುಪಾಲರ ಸಂಬಳ, ಶಿಕ್ಷಕರ ಸಂಬಳ, ಆಯಾ ಸಂಬಳ ಬರೆದು, ಮಕ್ಕಳ ಚಿತ್ರ ತೂಗುಹಾಕುವ ಅದೇ ಬೋರ್ಡಿಗೆ ಪಿನ್ ಮಾಡಿ. ಮಗುವನ್ನು ಕರೆದೊಯ್ಯಲು ಬಂದ ಅಮ್ಮ ಅದನ್ನು ಓದಿ ಏನಾದರೂ ಕೇಳಿದರೆ ಉತ್ತರ ಹೇಳಲು ಖಜಾಂಚಿ ಶನಿವಾರ ಸಂಜೆ ಒಂದು ಗಂಟೆ ಅಲ್ಲೇ ಕೂತಿರಲಿ.

ಇಂತಿ,
ಕಲಾಶಾಲೆಗಳ ಲೆಕ್ಕಪತ್ರ ನೋಡುವ ಕೆಲವರು
ಕೋಲಾರ